ಮಟ್ಟ ನೋಡಿ ಹೊಳೆಗೆ ಹೊರಡಿ: ತಾಂಬಾ ಸೀಮೆಯವರಿಗೆ 18 ಸೂತ್ರಗಳು

ತಾಂಬಾದಿಂದ ಉತ್ತರಕ್ಕೆ ಹೋದರೆ ಭೀಮೆ, ದಕ್ಷಿಣಕ್ಕೆ ಹೋದರೆ ಡೋಣಿ, ಅದನ್ನೂ ದಾಟಿದರೆ ಕೃಷ್ಣೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದರೆ ಬರಗಾಲದ ಸೀಮೆ ಎಂಬ ಮಾತು ಹೊರಗಿನವರ ಬಾಯಲ್ಲಷ್ಟೇ ಅಲ್ಲ, ನಮ್ಮ ಬಾಯಲ್ಲೂ ಕೂತುಬಿಟ್ಟಿದೆ. ಆ ಮಾತು ಸುಳ್ಳೇನಲ್ಲ. ಆದರೆ ಇದೇ ಸೀಮೆಯ ಅಂಚಿನಲ್ಲಿ ಆಲಮಟ್ಟಿ, ನಾರಾಯಣಪುರ ಎಂಬ ಎರಡು ದೊಡ್ಡ ಜಲಾಶಯಗಳ ಹಿನ್ನೀರು ಹರಡಿಕೊಂಡಿದೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಹೆಬ್ಬಾತುಗಳು, ನೀರು ಇಳಿದ ಮೇಲೆ ರಾಜಹಂಸಗಳು, ವರ್ಷವಿಡೀ ಮೊಸಳೆಗಳು ಅಲ್ಲಿರುತ್ತವೆ. ಬೆಂಗಳೂರಿನವರು ರಂಗನತಿಟ್ಟಿಗೆ ಹೋಗಿ ನೋಡುವುದನ್ನು ನಾವು ರೊಟ್ಟಿ ಬುತ್ತಿ ಕಟ್ಟಿಕೊಂಡು ಒಂದೇ ದಿನದಲ್ಲಿ ನೋಡಿ ಬರಬಹುದು.

ಹೋದವರಲ್ಲಿ ಅನೇಕರು ಏನೂ ಕಾಣದೆ ಮರಳುತ್ತಾರೆ. ಕೆಲವರು ಮರಳುವುದೇ ಇಲ್ಲ; ಪ್ರತಿ ವರ್ಷ ಹೊಳೆ, ಕಾಲುವೆಗಳಲ್ಲಿ ಜೀವ ಕಳೆದುಕೊಳ್ಳುವ ಹುಡುಗರ ಸುದ್ದಿ ಜಿಲ್ಲೆಯ ಪತ್ರಿಕೆಗಳಲ್ಲಿ ತಪ್ಪುವುದಿಲ್ಲ. ಎರಡಕ್ಕೂ ಬಹುಪಾಲು ಕಾರಣ ಒಂದೇ. ನಾವು ಹೊರಡುವುದು ರಜೆ ನೋಡಿ. ಹೊಳೆಯಲ್ಲಿ ಎಲ್ಲವೂ ನಡೆಯುವುದು ನೀರಿನ ಮಟ್ಟ ನೋಡಿ.

1. ಕ್ಯಾಲೆಂಡರಿಗಿಂತ ಮೊದಲು ಜಲಾಶಯದ ಮಟ್ಟ ನೋಡಿ

ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರದ ಗರಿಷ್ಠ ಮಟ್ಟ 519.60 ಮೀಟರ್. ಅಷ್ಟು ತುಂಬಿದಾಗ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ಜಲಾಶಯ ತುಂಬುತ್ತದೆ. ಕಾಲುವೆ, ಕುಡಿಯುವ ನೀರು, ವಿದ್ಯುತ್ತು ಎಂದು ಖರ್ಚಾಗುತ್ತ ಮೇ ತಿಂಗಳ ಹೊತ್ತಿಗೆ ಮಟ್ಟ ಹತ್ತು ಮೀಟರಿನ ಆಸುಪಾಸು ಕುಸಿಯುತ್ತದೆ. ನಮ್ಮದು ಬಯಲುಸೀಮೆ, ನೆಲ ಚಪ್ಪಟೆ. ಇಲ್ಲಿ ಮಟ್ಟ ಒಂದು ಮೀಟರ್ ಇಳಿದರೆ ನೀರಿನ ಅಂಚು ಎಷ್ಟೋ ದೂರ ಹಿಂದೆ ಸರಿಯುತ್ತದೆ. ಆ ತೆರೆದ ಕೆಸರಿನಲ್ಲೇ ಹಕ್ಕಿಗಳ ಊಟ ಇರುವುದು.

ಹಿನ್ನೀರು ತುಂಬಿ ತುಳುಕುವಾಗ ಹೋದರೆ ಕಣ್ಣಿಗೆ ಸಮುದ್ರದಂತೆ ಕಂಡೀತು, ಹಕ್ಕಿ ಮಾತ್ರ ಕಡಿಮೆ. ಕಾಲೂರಲು ಆಳವಿಲ್ಲದ ನೀರು ಸಿಗದಿದ್ದರೆ ಕೊಕ್ಕರೆ, ಕೆಂಬರಲು, ಚಮಚದ ಕೊಕ್ಕಿನ ಹಕ್ಕಿ ಬೇರೆ ಕೆರೆ ಹುಡುಕಿಕೊಳ್ಳುತ್ತವೆ. ನವೆಂಬರಿನಿಂದ ಫೆಬ್ರವರಿ ವಲಸೆ ಹಕ್ಕಿಗಳ ಕಾಲ. ಜನವರಿ ಕಳೆದು ಮಟ್ಟ ಚೆನ್ನಾಗಿ ಇಳಿದ ಮೇಲೆ ರಾಜಹಂಸಗಳ ಕಾಲ. ನಾರಾಯಣಪುರದ ಬಸವ ಸಾಗರಕ್ಕೂ ಇದೇ ಲೆಕ್ಕ. ಅಲ್ಲಿ ಗರಿಷ್ಠ ಮಟ್ಟ 492.25 ಮೀಟರ್. ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ಹಾಕುತ್ತಾರೆ. ರೈತರು ದಿನಾ ನೋಡುವ ಆ ಮೂರು ಸಾಲನ್ನು ಹೊರಡುವ ವಾರದಲ್ಲಿ ನೀವೂ ನೋಡಿ.

2. ಒಂದು ಮುಂಜಾನೆಗೆ ಭೀಮೆ, ಇಡೀ ದಿನಕ್ಕೆ ಕೃಷ್ಣೆ

ತಾಂಬಾದವರಿಗೆ ಭೀಮೆ ಹತ್ತಿರ. ಅಗರಖೇಡ, ಹಿಂಗಣಿ, ದೇವಣಗಾಂವ ಕಡೆಯ ದಂಡೆಗೆ ನಸುಕಿನಲ್ಲಿ ಹೋಗಿ ಬಿಸಿಲೇರುವ ಮುನ್ನ ಮನೆ ಸೇರಬಹುದು. ಮಿಂಚುಳ್ಳಿ, ನೀರುಕಾಗೆ, ಟಿಟ್ಟಿಭ, ಬೆಳ್ಳಕ್ಕಿಗಳಿಗೆ ಭೀಮೆಯ ದಂಡೆ ಸಾಕು. ಕೃಷ್ಣೆಗೆ ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ನಿಡಗುಂದಿ ಮೇಲೆ ಹೋಗಬೇಕು. ಇಡೀ ದಿನ ತೆಗೆದಿಡಿ. ಎರಡನ್ನೂ ಒಂದೇ ದಿನಕ್ಕೆ ಹೊಲಿಯಲು ಹೋದರೆ ರಸ್ತೆಯನ್ನಷ್ಟೇ ನೋಡಿ ಬರುತ್ತೀರಿ.

ರೈಲಿಗೆ ಹೋಗುವವರಿಗೆ ಸೊಲ್ಲಾಪುರ–ವಿಜಯಪುರ–ಗದಗ ಮಾರ್ಗದಲ್ಲಿ ಇಂಡಿ ರೋಡ್ ನಿಲ್ದಾಣವೂ ಇದೆ, ಆಲಮಟ್ಟಿ ನಿಲ್ದಾಣವೂ ಇದೆ.

3. ನಮ್ಮ ಆಕಾಶ ನೋಡಿ ಭೀಮೆಯನ್ನು ನಂಬಬೇಡಿ

ಇಂಡಿಯಲ್ಲಿ ಒಂದು ಹನಿ ಬೀಳದಿದ್ದರೂ ಭೀಮೆ ದಂಡೆ ಮೀರಬಲ್ಲಳು. ಮಳೆ ಬೀಳುವುದು ಪುಣೆ, ಸೊಲ್ಲಾಪುರದ ಕಡೆ. ಉಜನಿ, ವೀರ ಜಲಾಶಯಗಳ ಗೇಟು ಎತ್ತಿದರೆ ಆ ನೀರು ತಡವಾಗಿ ನಮ್ಮ ದಂಡೆಗೆ ಬಂದು ಮುಟ್ಟುತ್ತದೆ. 2020ರ ಅಕ್ಟೋಬರಿನಲ್ಲಿ, ಮಳೆಗಾಲ ಮುಗಿಯಿತು ಎಂದುಕೊಂಡಿದ್ದ ಹೊತ್ತಿನಲ್ಲಿ, ಭೀಮಾ ತೀರದ ಊರುಗಳು ಮುಳುಗಿದವು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಹಾಗೇ ಉಕ್ಕಿದ್ದಳು. ಆಗಲೂ ನೀರು ಬಂದದ್ದು ಮೇಲಿನಿಂದ. ಜೂನ್‌ನಿಂದ ಅಕ್ಟೋಬರ್ ಮುಗಿಯುವವರೆಗೆ ಉಜನಿಯ ಹೊರಹರಿವು ಕೇಳದೆ ಭೀಮೆಯ ಮಡುವಿಗಾಗಲಿ ನಡುಗಡ್ಡೆಗಾಗಲಿ ಇಳಿಯಕೂಡದು. ಬಾಂದಾರದ ಮೇಲೆ ನಿಂತು ಸೆಲ್ಫಿ ತೆಗೆಯುವುದಂತೂ ಯಾವ ಕಾಲಕ್ಕೂ ಬೇಡ. ಗೇಟು ತೆಗೆಯುವವರಿಗೆ ನೀವು ಕಾಣುವುದಿಲ್ಲ.

ಇದೇ ಉಜನಿಯ ಹಿನ್ನೀರಿನಲ್ಲಿ ಪುಣೆ ಜಿಲ್ಲೆಯ ಭಿಗವಣ ಎಂಬ ಊರಿದೆ. ಅಲ್ಲಿನ ಮೀನುಗಾರರು ರಾಜಹಂಸ ತೋರಿಸಲು ದೋಣಿಯಲ್ಲಿ ಜನರನ್ನು ಕರೆದೊಯ್ಯುತ್ತಾರೆ, ಅದರಿಂದ ಅವರ ಮನೆ ನಡೆಯುತ್ತದೆ. ಹೊಳೆ ಅದೇ ಭೀಮೆ. ನಮ್ಮ ದಂಡೆಯಲ್ಲಿ ಅದು ಆಗಬಾರದು ಎನ್ನಲು ನನಗೆ ಕಾರಣ ಕಾಣುವುದಿಲ್ಲ.

4. ನಸುಕಿಗೇ ಹೊರಡಿ, ಕಬ್ಬಿನ ಟ್ರ್ಯಾಕ್ಟರ್ ನೆನಪಿಡಿ

ಹಕ್ಕಿಗಳು ಚುರುಕಾಗಿರುವುದು ಸೂರ್ಯ ಹುಟ್ಟಿದ ಮೇಲಿನ ಎರಡು ಮೂರು ತಾಸು. ಹಾಗಾಗಿ ಕತ್ತಲಲ್ಲೇ ಮನೆ ಬಿಡಬೇಕು. ವಲಸೆ ಹಕ್ಕಿಗಳ ಕಾಲವೂ ಕಬ್ಬು ಕಡಿಯುವ ಕಾಲವೂ ಒಂದೇ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ, ಕೆಲವು ಕೆಟ್ಟು ರಸ್ತೆಯಲ್ಲೇ ನಿಂತಿರುತ್ತವೆ. ಮಂಜು ಬಿದ್ದ ದಿನ ಹತ್ತು ಮಾರು ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ಬೈಕಿನಲ್ಲಿ ಹೋಗುವ ಹುಡುಗರಿಗೆ ಇದನ್ನು ಕೈಮುಗಿದು ಹೇಳುತ್ತೇನೆ: ಹೊಳೆ ಮುಟ್ಟುವುದು ಅರ್ಧ ತಾಸು ತಡವಾದರೂ ಹಕ್ಕಿ ಎಲ್ಲೂ ಹೋಗುವುದಿಲ್ಲ.

5. ಸೂರ್ಯನಿಗೆ ಬೆನ್ನು ಕೊಡಿ

ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕರಿ ಚುಕ್ಕೆ. ಬೆಳಿಗ್ಗೆ ನೀರು ನಿಮ್ಮ ಪಶ್ಚಿಮಕ್ಕಿರಲಿ, ಸಂಜೆ ಪೂರ್ವಕ್ಕೆ. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಹಿನ್ನೀರನ್ನು ದಾಟುವ ಕೊರ್ತಿ–ಕೊಲ್ಹಾರ ಸೇತುವೆ ಹೆಚ್ಚುಕಡಿಮೆ ಉತ್ತರ–ದಕ್ಷಿಣ ಚಾಚಿದೆ, ಅಲ್ಲಿ ಈ ಲೆಕ್ಕ ಸುಲಭ. ಆದರೆ ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ. ಲಾರಿಗಳು ಅಲ್ಲಿ ವೇಗ ತಗ್ಗಿಸುವುದಿಲ್ಲ. ಸೇತುವೆ ಮುಗಿದ ಮೇಲೆ ಕೆಳಗಿಳಿದು ದಂಡೆಯಲ್ಲಿ ನಿಲ್ಲಿ.

6. ಒಂದು ದುರ್ಬೀನು, ಒಂದು ಪುಸ್ತಕ

ದೊಡ್ಡ ಕ್ಯಾಮೆರಾ ಇಲ್ಲವೆಂದು ಯಾರೂ ಹಿಂಜರಿಯಬೇಕಿಲ್ಲ. 8×42 ಅಳತೆಯ ದುರ್ಬೀನು ಮೊದಲಿಗರಿಗೆ ಸರಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಕೈ ನಡುಗಿದರೂ ಚಿತ್ರ ಅಷ್ಟು ಅಲುಗುವುದಿಲ್ಲ, 42 ಮಿಲಿಮೀಟರಿನ ಗಾಜು ನಸುಕಿನ ಬೆಳಕನ್ನು ಸಾಕಷ್ಟು ಒಳಗೆ ಬಿಡುತ್ತದೆ. ಹದಿನಾರು, ಇಪ್ಪತ್ತು ಪಟ್ಟು ಎಂದು ಸಂತೆಯಲ್ಲಿ ಮಾರುವ ಅಗ್ಗದವು ಕಣ್ಣು ನೋಯಿಸುತ್ತವೆ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೂ ಆದೀತು, ಶಾಲೆಗೊಂದು ಕೊಂಡರೆ ಇನ್ನೂ ಒಳ್ಳೆಯದು. ಜೊತೆಗೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಚೀಲದಲ್ಲಿರಲಿ.

7. ಹಕ್ಕಿಯ ಕುತ್ತಿಗೆ ನಿಮಗೆ ಗೆರೆ ಹಾಕಿಕೊಡುತ್ತದೆ

ಎಷ್ಟು ಹತ್ತಿರ ಹೋಗಬಹುದು? ಹಕ್ಕಿಯೇ ಹೇಳುತ್ತದೆ. ತಲೆ ತಗ್ಗಿಸಿ ಮೇಯುತ್ತಿದ್ದರೆ ನೀವು ಸರಿಯಾದ ದೂರದಲ್ಲಿದ್ದೀರಿ. ಒಂದೆರಡು ಹಕ್ಕಿ ಕುತ್ತಿಗೆ ನೆಟ್ಟಗೆ ಎತ್ತಿದರೆ ಅಲ್ಲೇ ನಿಲ್ಲಿ. ಹಿಂಡೇ ಮೇವು ಬಿಟ್ಟು ಒಂದೇ ದಿಕ್ಕಿಗೆ ನಡೆಯತೊಡಗಿದರೆ ನೀವು ಆಗಲೇ ಗೆರೆ ದಾಟಿದ್ದೀರಿ, ಹಿಂದೆ ಬನ್ನಿ. ಹಾರಿಸಿ ಫೋಟೊ ತೆಗೆಯುವುದು ನಮ್ಮಲ್ಲಿ ಒಂದು ಚಟವಾಗಿದೆ. ಕೂತ ಹಿಂಡಿನ ಮೇಲೆ ಕಲ್ಲು ಒಗೆದು, ಚಪ್ಪಾಳೆ ತಟ್ಟಿ ಎಬ್ಬಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅದು ಕೇವಲ ಭಾವುಕತೆಯಲ್ಲ. ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುತ್ತದೆ. ಆರೇಳು ಸಾವಿರ ಮೀಟರ್ ಎತ್ತರದಲ್ಲಿ, ನಮಗೆ ಉಸಿರಾಡಲು ಕಷ್ಟವಾಗುವ ತೆಳುಗಾಳಿಯಲ್ಲಿ ಅದು ರೆಕ್ಕೆ ಬಡಿಯುತ್ತದೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಇಲ್ಲಿ ಕಳೆಯುವ ನಾಲ್ಕು ತಿಂಗಳಲ್ಲಿ ತಿಂದು ಮೈಗೆ ಹಚ್ಚಿಕೊಂಡ ಕೊಬ್ಬಿನ ಮೇಲೇ ಅದು ಮರಳಿ ಹೋಗಬೇಕು. ಪ್ರತಿ ಸಲ ಎಬ್ಬಿಸಿದಾಗ ಆ ಕೊಬ್ಬೇ ಖರ್ಚಾಗುವುದು.

ರಾಜಹಂಸದ್ದು ಇನ್ನೊಂದು ಬಗೆ. ಕೊಕ್ಕನ್ನು ತಲೆಕೆಳಗು ಮಾಡಿ ನೀರಿಗಿಟ್ಟು, ನಾಲಿಗೆಯಿಂದ ನೀರನ್ನು ಒಳಗೆಳೆದು ಹೊರದಬ್ಬುತ್ತ, ಅದರಲ್ಲಿರುವ ಹುಳು, ಪಾಚಿಯನ್ನು ಸೋಸಿಕೊಳ್ಳುತ್ತದೆ. ಮೈಯ ಗುಲಾಬಿ ಬಣ್ಣ ಬರುವುದೂ ಆ ಆಹಾರದಿಂದಲೇ. ಹೀಗೆ ಸೋಸಲು ಅದಕ್ಕೆ ನಿಂತ, ತೆಳುವಾದ, ಕಲಕದ ನೀರು ಬೇಕು. ಅಂಥ ಜಾಗ ಹಿನ್ನೀರಿನಲ್ಲಿ ಎಲ್ಲೆಡೆ ಇಲ್ಲ. ಒಂದು ಕಡೆಯಿಂದ ಎಬ್ಬಿಸಿದರೆ ಪಕ್ಕದಲ್ಲೇ ಇನ್ನೊಂದು ಸಿಗುತ್ತದೆ ಎನ್ನುವಂತಿಲ್ಲ.

8. ಎರಿ ಮಣ್ಣಿಗೆ ಗಾಡಿ ಇಳಿಸಬೇಡಿ

ಒಣಗಿದಂತೆ ಕಂಡ ಎರಿ ನೆಲದ ಕೆಳಗೆ ರಾಡಿ ಇರುತ್ತದೆ. ಹಿನ್ನೀರು ಸರಿದ ಜಾಗದಲ್ಲಿ ಬಿರುಕು ಬಿಟ್ಟ ಮೇಲ್ಪದರ ನಂಬಿ ಕಾರು ಇಳಿಸಿದರೆ ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಗುತ್ತದೆ. ಕಾಲಿಗೂ ಇದೇ ಮಾತು. ಮೊಣಕಾಲಿನವರೆಗೆ ಹೂತರೆ ಹೆದರಿ ಒದ್ದಾಡಬೇಡಿ, ಹಿಂದಕ್ಕೆ ಒರಗಿ ಮೈಭಾರ ಹರಡಿ, ಒಂದೊಂದೇ ಕಾಲು ನಿಧಾನ ಬಿಡಿಸಿ. ಕೈಯಲ್ಲಿ ಕೋಲು ಇದ್ದರೆ ಅಡ್ಡ ಹಾಕಿಕೊಳ್ಳಿ. ಡೋಣಿ ದಾಟುವಾಗಲೂ ಮಳೆಯ ಮರುದಿನ ಅಡ್ಡದಾರಿ ಹಿಡಿಯಬಾರದು. ಡೋಣಿಯ ಎರಿ ಬೆಳೆಗೆ ಎಷ್ಟು ಒಳ್ಳೆಯದೋ ಗಾಲಿಗೆ ಅಷ್ಟೇ ಕೆಟ್ಟದ್ದು.

9. ಮೊಸಳೆಯನ್ನು ನೋಡಬಹುದು, ದೂರದಿಂದ

ಕೃಷ್ಣೆಯಲ್ಲಿ ಮೊಸಳೆ ಇದೆ. ಭೀಮೆಯಲ್ಲೂ ಆಗಾಗ ಕಾಣಿಸಿಕೊಂಡಿದೆ. ಹೆದರಿಸಲು ಹೇಳುತ್ತಿಲ್ಲ, ನೋಡಲೇಬೇಕಾದ ಪ್ರಾಣಿಯದು. ಮೊಸಳೆಯದು ತಣ್ಣನೆಯ ರಕ್ತ, ಮೈ ಬೆಚ್ಚಗಾಗಲು ಬಿಸಿಲೇ ಬೇಕು. ಅದಕ್ಕೇ ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ದಂಡೆಗೆ, ಬಂಡೆಗೆ, ಮರಳದಿಬ್ಬಕ್ಕೆ ಬಂದು ಬಾಯಿ ತೆರೆದು ಮಲಗುತ್ತದೆ. ಎದುರು ದಂಡೆಯಿಂದ ದುರ್ಬೀನಿನಲ್ಲಿ ನೋಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ದಂಡೆಯಲ್ಲಿ ಕೂರುವ ಮೊದಲು ಮಣ್ಣು ನೋಡಿ. ನೀರಿನಿಂದ ಮೇಲಕ್ಕೆ ಅಗಲವಾಗಿ ಸವರಿದಂಥ ಜಾಡು, ನಡುವೆ ಬಾಲ ಎಳೆದ ಗೆರೆ, ಎರಡು ಬದಿಗೆ ಉಗುರಿನ ಗುರುತು ಇದ್ದರೆ ಅದು ಮೊಸಳೆ ಹತ್ತಿಳಿಯುವ ದಾರಿ. ಅಲ್ಲಿ ಪಾತ್ರೆ ತೊಳೆಯಲು, ಕೈಕಾಲು ತೊಳೆಯಲು ಬಗ್ಗಬಾರದು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ದಂಡೆಯ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಸುಮಾರು ಎರಡು ತಿಂಗಳಿಗೆ ಮರಿ ಹೊರಬರುತ್ತವೆ. ಆ ಕಾಲದಲ್ಲಿ ತಾಯಿ ಹತ್ತಿರದಲ್ಲೇ ಇರುತ್ತದೆ, ಓಡಿಹೋಗುವುದಿಲ್ಲ. ಮುಸ್ಸಂಜೆ ಮತ್ತು ರಾತ್ರಿ ನೀರಿನ ಅಂಚಿನಿಂದ ದೂರ ಇರಿ, ಮಕ್ಕಳನ್ನು ಯಾವ ಹೊತ್ತಿಗೂ ಅಂಚಿಗೆ ಬಿಡಬೇಡಿ.

ಹೊಲಕ್ಕೋ ಕಾಲುವೆಗೋ ಮೊಸಳೆ ಬಂದರೆ ಹಗ್ಗ ಹಾಕಿ ಎಳೆದು ವಿಡಿಯೊ ಮಾಡುವುದು ಜೀವಕ್ಕೂ ಅಪಾಯ, ಕಾನೂನಿಗೂ ವಿರುದ್ಧ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಅರಣ್ಯ ಇಲಾಖೆಗೆ ತಿಳಿಸಿ, ಜನ ಗುಂಪುಗೂಡದಂತೆ ನೋಡಿಕೊಳ್ಳಿ.

10. ಹೊಳೆಗಿಂತ ಕಾಲುವೆ ಅಪಾಯಕಾರಿ

ಹೊಳೆಗೆ ದಂಡೆ ಇದೆ, ಹಿಡಿಯಲು ಬೇರು, ಕಲ್ಲು ಇದೆ. ಕಾಲುವೆಗೆ ಅದ್ಯಾವುದೂ ಇಲ್ಲ. ಇಂಡಿ ಶಾಖಾ ಕಾಲುವೆಯಂಥ ದೊಡ್ಡ ಕಾಲುವೆಗಳ ಇಳಿಜಾರು ಬದಿಗೆ ಸಿಮೆಂಟ್ ಹಾಸಿದೆ, ಅದರ ಮೇಲೆ ಪಾಚಿ ಕಟ್ಟಿದೆ. ಮೇಲಿಂದ ನೋಡಿದರೆ ನೀರು ಮಲಗಿದಂತಿರುತ್ತದೆ, ಒಳಗೆ ಎಳೆತ ಜೋರು. ಬಿದ್ದವರು ಈಜು ಬಲ್ಲವರಾದರೂ ಬದಿಗೆ ಬಂದು ಹತ್ತಲಾರದೆ ಜಾರುತ್ತಾರೆ. ಎತ್ತಲು ಇಳಿದವರೂ ಅಲ್ಲೇ ಸೋಲುತ್ತಾರೆ. ಒಬ್ಬರ ಹಿಂದೆ ಒಬ್ಬರು ಮುಳುಗಿದ ಮನೆಗಳು ನಮ್ಮ ಸೀಮೆಯಲ್ಲಿವೆ.

ಕಾಲುವೆಯಲ್ಲಿ ಈಜು ಕಲಿಸುವುದನ್ನು ಇವತ್ತಿಗೇ ನಿಲ್ಲಿಸಿ. ಬಟ್ಟೆ ಒಗೆಯಲು, ಎತ್ತಿನ ಮೈತೊಳೆಯಲು ಮೆಟ್ಟಿಲು ಕಟ್ಟಿದ ಜಾಗ ಮಾತ್ರ ಬಳಸಿ. ಯಾರಾದರೂ ಬಿದ್ದರೆ ಜಿಗಿಯಬೇಡಿ. ಸೀರೆ, ಹಗ್ಗ, ಖಾಲಿ ಬಿಂದಿಗೆ, ಗಾಡಿಯ ಟ್ಯೂಬು, ಏನು ಸಿಕ್ಕರೂ ಎಸೆಯಿರಿ, ನೀರು ಹೋಗುವ ದಿಕ್ಕಿಗೆ ಓಡಿ ಮುಂದಿನ ಸೇತುವೆಯ ಮೇಲಿಂದ ಹಗ್ಗ ಇಳಿಬಿಡಿ. 112ಕ್ಕೆ ಕರೆ ಮಾಡಿ. ಬೈಕಿನಲ್ಲಿ ಹೊಳೆಗೆ ಹೋಗುವವರು ಹತ್ತು ಮಾರು ಹಗ್ಗ ಇಟ್ಟುಕೊಂಡಿರಿ.

11. ಅಂಬಿಗರನ್ನು ಕೇಳದೆ ನೀರಿಗಿಳಿಯಬೇಡಿ

ದಂಡೆಯ ಮೀನುಗಾರರಿಗೆ ಗೊತ್ತಿರುವುದು ಯಾವ ನಕ್ಷೆಯಲ್ಲೂ ಇಲ್ಲ. ಭೀಮೆಯಲ್ಲಿ ಉಸುಕು ತೆಗೆದ ಗುಂಡಿಗಳು ಎಲ್ಲಿವೆ, ಮೊಣಕಾಲು ನೀರಿನಿಂದ ಒಮ್ಮೆಗೇ ಆಳಕ್ಕೆ ಬೀಳುವುದು ಎಲ್ಲಿ, ಈ ವಾರ ಮೊಸಳೆ ಯಾವ ಕಡೆ ಕಂಡಿತು, ಹಕ್ಕಿಯ ಹಿಂಡು ಈಗ ಯಾವ ದಂಡೆಗಿದೆ, ಎಲ್ಲವನ್ನೂ ಅವರೇ ಹೇಳಬಲ್ಲರು. ಗೌರವದಿಂದ ಮಾತಾಡಿಸಿ, ಅವರ ಹೊತ್ತು ತೆಗೆದುಕೊಂಡರೆ ಅದಕ್ಕೆ ದುಡ್ಡು ಕೊಡಿ. ಆದರೆ ಅವರ ಥರ್ಮೊಕೋಲ್ ತೆಪ್ಪ ಹತ್ತುತ್ತೇವೆ ಎಂದು ಕಾಡಬೇಡಿ. ಅದು ಒಬ್ಬರ ದುಡಿಮೆಯ ಸಾಧನ, ನಾಲ್ವರ ಸವಾರಿಗಲ್ಲ. ದೋಣಿ ಬೇಕೆಂದರೆ ಲೈಫ್ ಜಾಕೆಟ್ ಕೊಡುವ ಕಡೆ ಮಾತ್ರ ಹತ್ತಿ, ಜಾಕೆಟಿನ ಪಟ್ಟಿ ಬಿಗಿದುಕೊಳ್ಳಿ.

12. ದಂಡೆಯ ವೈರು ಮುಟ್ಟಬೇಡಿ

ಪಂಪ್‌ಸೆಟ್‌ಗಳ ವೈರು ದಂಡೆಯ ಹುಲ್ಲಿನಲ್ಲಿ, ಕೆಲವೊಮ್ಮೆ ನೀರಿನಲ್ಲೇ ಹಾದುಹೋಗಿರುತ್ತದೆ. ಕರೆಂಟು ಯಾವ ಹೊತ್ತಿಗೆ ಬರುತ್ತದೆ ಎಂದು ಹೇಳಲಾಗದು. ದಾಟಬೇಡಿ, ಸುತ್ತಿ ಹೋಗಿ.

13. ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ

ಹೊಳೆಯ ಕಲ್ಲುಗಳ ಸಂದಿನಲ್ಲಿ, ಒಣಹುಲ್ಲಿನಲ್ಲಿ ಗರಗಸ ಮಂಡಲ, ಕೊಳಕುಮಂಡಲ ಇರುತ್ತವೆ. ಬೂಟು ಹಾಕಿ, ಕೈಯಲ್ಲಿ ಕೋಲಿರಲಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಕೈಕಾಲು ಅಲ್ಲಾಡದಂತೆ ಹಿಡಿದು 108ಕ್ಕೆ ಕರೆ ಮಾಡಿ.

14. ಬುತ್ತಿ ತನ್ನಿ, ಒಂದು ಅಗುಳೂ ಬಿಡಬೇಡಿ

ಊಟದ ಮಟ್ಟಿಗೆ ನಮ್ಮಷ್ಟು ಅನುಕೂಲ ಯಾರಿಗೂ ಇಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬಿಸಿಲಿಗೆ ಕೆಡುವುದಿಲ್ಲ, ಕಾಗದ ಪ್ಲಾಸ್ಟಿಕ್ ಬೇಡುವುದಿಲ್ಲ. ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರು ಸಿಗುತ್ತದೆ, ಆ ಕಡೆ ಹೋದವರು ಅದನ್ನು ಬಿಟ್ಟು ಬರಬಾರದು. ನೀರು ಮಾತ್ರ ಧಾರಾಳ ತನ್ನಿ. ಹಿನ್ನೀರಿನ ದಂಡೆಯಲ್ಲಿ ನೆರಳಿಗೆ ಮರವಿಲ್ಲ, ಮಾರ್ಚ್ ನಂತರದ ಬಿಸಿಲು ನಮಗೆ ಹೊಸದಲ್ಲವಾದರೂ ತೆರೆದ ನೀರಿನ ಪಕ್ಕ ಇನ್ನೂ ಹೆಚ್ಚು ತಾಗುತ್ತದೆ.

ಬಿಟ್ಟು ಬರುವ ಅನ್ನ, ಮಾಂಸ, ಎಲೆ ಕೊಳೆತು ಮಣ್ಣಾಗುತ್ತದೆ ಬಿಡಿ ಎನ್ನುತ್ತಾರೆ. ಕೊಳೆಯುವ ಮೊದಲೇ ಅಲ್ಲಿಗೆ ನಾಯಿ ಬರುತ್ತದೆ. ಒಮ್ಮೆ ಊಟ ಸಿಕ್ಕ ಜಾಗವನ್ನು ನಾಯಿ ಮರೆಯುವುದಿಲ್ಲ, ಗುಂಪಾಗಿ ಅಲ್ಲೇ ತಿರುಗುತ್ತದೆ. ಮಾರ್ಚಿನಿಂದ ಜೂನ್ ನಡುವೆ ಟಿಟ್ಟಿಭ, ನದಿ ರೀವಗಳು ಬರಿ ನೆಲದ ಮೇಲೆ, ಉಸುಕಿನಲ್ಲಿ, ಹರಳುಗಳ ನಡುವೆ ಮೊಟ್ಟೆ ಇಡುತ್ತವೆ. ಗೂಡೆಂದರೆ ಅಂಗೈಯಷ್ಟು ತಗ್ಗು, ಅಷ್ಟೇ. ಹಿನ್ನೀರಿನ ನಡುಗಡ್ಡೆಗಳು ಅವಕ್ಕೆ ಸುರಕ್ಷಿತ, ಸುತ್ತ ನೀರಿರುವವರೆಗೆ. ಮಟ್ಟ ಇಳಿದು ನಡುಗಡ್ಡೆಗೆ ನೆಲದ ದಾರಿ ತೆರೆದ ದಿನ, ನಾವು ಉಳಿಸಿಹೋದ ಊಟಕ್ಕೆ ಬಂದ ನಾಯಿ ಒಂದೇ ರಾತ್ರಿಯಲ್ಲಿ ಇಡೀ ವಸಾಹತಿನ ಮೊಟ್ಟೆ ಮುಗಿಸಬಲ್ಲದು. ತಲೆಯ ಮೇಲೆ ಹಕ್ಕಿ ಕಿರುಚುತ್ತ ಸುತ್ತತೊಡಗಿದರೆ ನೀವು ಗೂಡಿನ ಹತ್ತಿರ ಇದ್ದೀರಿ ಎಂದರ್ಥ. ಕಾಲ ಕೆಳಗೆ ನೋಡಿಕೊಂಡು ಬಂದ ದಾರಿಯಲ್ಲೇ ಹಿಂತಿರುಗಿ. ಮೊಟ್ಟೆ ಎತ್ತುವುದನ್ನೂ ಗೂಡು ಕೆಡಿಸುವುದನ್ನೂ ವನ್ಯಜೀವಿ ಕಾಯ್ದೆ ಬೇಟೆ ಎಂದೇ ಎಣಿಸುತ್ತದೆ.

ದಂಡೆಯಲ್ಲಿ ಹರಿದ ನೈಲಾನ್ ಬಲೆ ಕಂಡರೆ ಮಡಚಿ ಚೀಲಕ್ಕೆ ಹಾಕಿ ತನ್ನಿ. ಕಾಲಿಗೆ ಸುತ್ತಿಕೊಂಡ ಎಳೆಯಿಂದ ಹಕ್ಕಿ ಬಿಡಿಸಿಕೊಳ್ಳಲಾರದು.

15. ಹೆಣ್ಣುಮಕ್ಕಳನ್ನು ಕರೆದೊಯ್ಯುವ ಯೋಜನೆ ಮೊದಲೇ ಇರಲಿ

ಹಿನ್ನೀರಿನ ಬಯಲಿನಲ್ಲಿ ಶೌಚಾಲಯ ಇಲ್ಲ, ಮರೆಯೂ ಇಲ್ಲ. ಈ ಒಂದೇ ಕಾರಣಕ್ಕೆ ಅಕ್ಕತಂಗಿಯರು, ತಾಯಂದಿರು ಮನೆಯಲ್ಲೇ ಉಳಿಯುತ್ತಾರೆ, ಇಲ್ಲವೇ ಬಂದು ದಿನವಿಡೀ ನೀರು ಕುಡಿಯದೆ ಇರುತ್ತಾರೆ. ದಾರಿಯನ್ನು ಅದಕ್ಕೆ ತಕ್ಕಂತೆ ಹಾಕಿ. ಆಲಮಟ್ಟಿಯ ಉದ್ಯಾನಗಳು, ಯಲಗೂರದ ಹನುಮಂತ ದೇವರ ಗುಡಿ, ಹೊಳೆಯಾಚೆಯ ಕೂಡಲಸಂಗಮ ಇವು ಜನರಿರುವ, ಅನುಕೂಲವಿರುವ ಜಾಗ. ಮುದ್ದೇಬಿಹಾಳದವರಿಗೆ ನೀಲಾಂಬಿಕೆಯ ಐಕ್ಯಸ್ಥಳ ತಂಗಡಗಿ ಹತ್ತಿರ. ಬೆಳಿಗ್ಗೆ ಎರಡು ತಾಸು ಹಕ್ಕಿ, ಬಿಸಿಲೇರಿದ ಮೇಲೆ ಗುಡಿ ಅಥವಾ ಉದ್ಯಾನ, ಸಂಜೆ ಮತ್ತೆ ದಂಡೆ: ಮನೆಮಂದಿಗೆಲ್ಲ ಹೊಂದುವ ಕ್ರಮ ಇದು.

16. ಕಣ್ಣು ಪಳಗಿಸಲು ಒಮ್ಮೆ ಮಾಗಡಿಗೆ ಹೋಗಿ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದರ ಜೊತೆಗೇ ಅಂಕಸಮುದ್ರ, ಅಘನಾಶಿನಿ ಅಳಿವೆಯೂ ಸೇರಿದವು. ಅದಕ್ಕೂ ಮೊದಲು, 2022ರಲ್ಲಿ, ರಂಗನತಿಟ್ಟು. ಮಾಗಡಿಯಲ್ಲಿ ಚಳಿಗಾಲದ ಹೆಬ್ಬಾತುಗಳನ್ನು ಸಮೀಪದಿಂದ ನೋಡಬಹುದು. ಸುತ್ತಲಿನ ಹೊಲಕ್ಕೆ ಅವು ಮೇಯಲು ಹೋಗುತ್ತವೆ. ತಮ್ಮ ಶೇಂಗಾ ತಿನ್ನುವ ಹಕ್ಕಿಯನ್ನೂ ಸಹಿಸಿಕೊಂಡು ಬಂದ ರೈತರ ಊರು ಅದು. ತಾಳಿಕೋಟೆ ಕಡೆಯವರಿಗೆ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ ಅನುಕೂಲ. ಒಮ್ಮೆ ಅಲ್ಲಿ ಹೆಸರು ಕಲಿತರೆ ನಮ್ಮ ಹಿನ್ನೀರಿನಲ್ಲಿ ದೂರದ ಚುಕ್ಕೆಯೂ ಗುರುತು ಸಿಗುತ್ತದೆ.

17. ಎಳ್ಳ ಅಮಾವಾಸ್ಯೆ, ಸಂಕ್ರಾಂತಿಯನ್ನು ಬಿಡಬೇಡಿ, ತಿದ್ದಿಕೊಳ್ಳಿ

ಬಯಲಿಗೆ ಹೋಗಿ ಉಣ್ಣುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವೆ, ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮೀಯುತ್ತೇವೆ. ಎರಡೂ ಬರುವುದು ವಲಸೆ ಹಕ್ಕಿಗಳು ತುಂಬಿರುವ ಹೊತ್ತಿಗೇ. ಹಾಗಾಗಿ ಬೇರೆ ಪ್ರವಾಸ ಹುಡುಕುವ ಅಗತ್ಯವೇ ಇಲ್ಲ, ಈ ಎರಡು ದಿನಕ್ಕೆ ಒಂದು ತಾಸು ಸೇರಿಸಿದರೆ ಆಯಿತು. ಮೀಯುವ ಜಾಗ ಊರಿನ ಘಟ್ಟವಾಗಿರಲಿ, ಹಕ್ಕಿ ಇರುವ ಕೆಸರ ದಂಡೆ ಬೇಡ. ಹಳೆ ಬಟ್ಟೆಯನ್ನು ಹೊಳೆಗೆ ಬಿಡುವುದು, ಟ್ರ್ಯಾಕ್ಟರಿಗೆ ಡಿಜೆ ಕಟ್ಟಿಕೊಂಡು ಬರುವುದು ನಮ್ಮ ಹಿರಿಯರ ಪದ್ಧತಿಯಲ್ಲ. ಅವೆರಡನ್ನು ಬಿಟ್ಟರೆ ಹಬ್ಬಕ್ಕೆ ಯಾವ ಕೊರತೆಯೂ ಆಗುವುದಿಲ್ಲ.

ದೂರ ಹೋಗಲಾಗದವರಿಗೆ ಊರ ಕೆರೆ ಇದೆ. ಕೆರೆ ತುಂಬುವ ಯೋಜನೆ ಬಂದ ಮೇಲೆ ಜಿಲ್ಲೆಯ ಎಷ್ಟೋ ಒಣಕೆರೆಗಳಲ್ಲಿ ಕೃಷ್ಣೆಯ ನೀರು ನಿಂತಿದೆ, ನೀರಿನ ಹಿಂದೆಯೇ ಹಕ್ಕಿ ಬಂದಿವೆ. ಮೊಹಮ್ಮದ್ ಆದಿಲ್ ಶಾಹನ ಕಾಲದ ಮಮದಾಪುರದ ಕೆರೆಗಳಿಂದ ಹಿಡಿದು ಹೆಸರಿಲ್ಲದ ಜಿನುಗು ಕೆರೆಯವರೆಗೆ ಯಾವುದನ್ನೂ ಕಡೆಗಣಿಸಬೇಡಿ.

18. ಕಂಡದ್ದನ್ನು ಬರೆದು ಕಳಿಸಿ

ಹಿನ್ನೀರಿನ ದಂಡೆಗೆ ಟಿಕೆಟ್ ಕೌಂಟರ್ ಇಲ್ಲ, ಹಗಲಿರುಳು ಕಾಯುವವರಿಲ್ಲ. ಯಾವ ಜಾಗದಲ್ಲಿ ಯಾವ ಹಕ್ಕಿ ಎಷ್ಟಿವೆ ಎಂಬ ದಾಖಲೆ ಇದ್ದರೆ ಮಾತ್ರ ಅದನ್ನು ಉಳಿಸಿ ಎಂದು ಕೇಳಲು ನಮಗೆ ಆಧಾರ ಸಿಗುತ್ತದೆ. ದಿನಾಂಕ, ಜಾಗ, ಹೊತ್ತು, ಹಕ್ಕಿಯ ಹೆಸರು, ಎಣಿಕೆ, ಅಂದಿನ ಜಲಾಶಯದ ಮಟ್ಟ: ಆರು ಕಾಲಂ ಸಾಕು. ಇ-ಬರ್ಡ್ ಆ್ಯಪಿಗೆ ಹಾಕಿದರೆ ಅದು ಜಗತ್ತಿನ ಪಕ್ಷಿತಜ್ಞರಿಗೆ ಸಿಗುವ ದಾಖಲೆಯಾಗುತ್ತದೆ. 1987ರಿಂದ ನಡೆಯುತ್ತಿರುವ ಏಷ್ಯಾ ಜಲಪಕ್ಷಿ ಗಣತಿ ಪ್ರತಿ ಜನವರಿಯಲ್ಲಿ ಇರುತ್ತದೆ, ಅದಕ್ಕೆ ಪದವಿ ಬೇಡ, ಕಣ್ಣು ಮತ್ತು ತಾಳ್ಮೆ ಸಾಕು. ಫೆಬ್ರವರಿ 2 ವಿಶ್ವ ಜೌಗುಭೂಮಿ ದಿನ.

ತಾಂಬಾ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಶಿಕ್ಷಕರಲ್ಲಿ ನನ್ನ ಕೋರಿಕೆ ಒಂದೇ. ಬರುವ ಜನವರಿಯಲ್ಲಿ ನಿಮ್ಮ ಶಾಲೆಯ ಹತ್ತು ಮಕ್ಕಳನ್ನು ನಿಮ್ಮೂರಿನ ಕೆರೆಯ ಏರಿಗೆ ಕರೆದುಕೊಂಡು ಹೋಗಿ, ಒಂದು ತಾಸು ಎಣಿಸಿ, ಆ ಪಟ್ಟಿಯನ್ನು ಗಣತಿಗೆ ಕಳಿಸಿ.